ವೈಫೈ ಇದೆ, ಇಂಟರ್ನೆಟ್ ಇಲ್ಲ: ಮನೆಯ ರೌಟರ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ದಾವಣಗೆರೆಯಲ್ಲಿ ಬಾಡಿಗೆ ಮನೆ ಬದಲಿಸಿದ ತಿಂಗಳು ನಾನು ಬೇಡದ ರೌಟರ್ ಒಂದನ್ನು ಕೊಂಡೆ. ಹಳೆಯದಕ್ಕೆ ಏನೂ ಆಗಿರಲಿಲ್ಲ. ಆದರೆ ಪ್ರತಿದಿನ ಸಂಜೆ ಏಳರ ಸುಮಾರಿಗೆ ಸಂಪರ್ಕ ಕಡಿಯುತ್ತಿತ್ತು, ಎರಡು ಮೂರು ನಿಮಿಷ ಬಿಟ್ಟು ತಾನಾಗಿಯೇ ಮರಳುತ್ತಿತ್ತು. ಕಂಪನಿಗೆ ಫೋನು ಮಾಡಿದರೆ ಆಫ್ ಮಾಡಿ ಆನ್ ಮಾಡಿ ಎಂಬ ಒಂದೇ ಮಂತ್ರ. ಪಕ್ಕದ ಮನೆಯವರು, ಸಂಜೆ ಎಲ್ಲರೂ ಧಾರಾವಾಹಿ ನೋಡುತ್ತಾರಲ್ಲ, ಲೋಡು ಜಾಸ್ತಿ ಎಂದರು. ನಂಬಿದೆ. ಆಮೇಲೆ ಅದನ್ನೂ ಬಿಟ್ಟು ರೌಟರ್ ಹಳೆಯದಾಯಿತು ಎಂದುಕೊಂಡು ಹೊಸದನ್ನು ತಂದೆ. ಕಾಟ ನಿಂತಿತು.

ಹದಿನೈದು ದಿನಗಳ ನಂತರ ಹಳೆಯ ರೌಟರನ್ನು ಚಿತ್ರದುರ್ಗದ ತಮ್ಮನಿಗೆ ಕೊಡಲೆಂದು ಕಟ್ಟುವಾಗ ಅದರ ಅಡಾಪ್ಟರ್ ಮೇಲಿನ ಸಣ್ಣ ಅಕ್ಷರಗಳು ಕಣ್ಣಿಗೆ ಬಿದ್ದವು. 12 ವೋಲ್ಟ್, 0.5 ಆಂಪಿಯರ್. ರೌಟರ್‌ನ ಬೆನ್ನ ಮೇಲೆ ಬರೆದಿದ್ದುದು 12 ವೋಲ್ಟ್, 1.5 ಆಂಪಿಯರ್. ಮನೆ ಸಾಮಾನು ಬಿಚ್ಚುವ ಗಡಿಬಿಡಿಯಲ್ಲಿ ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ಇದಕ್ಕೆ, ಇದರದ್ದು ಅದಕ್ಕೆ ಸೇರಿತ್ತು. ಪಿನ್ನೂ ಒಂದೇ, ಬಣ್ಣವೂ ಒಂದೇ. ಹೆಚ್ಚು ಆಂಪಿಯರ್ ಸಿಕ್ಕ ಸೆಟ್‌ಟಾಪ್ ಬಾಕ್ಸ್ ಸುಖವಾಗಿತ್ತು, ಅದು ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ರೌಟರ್ ಮಾತ್ರ ಅರೆಹೊಟ್ಟೆಯಲ್ಲಿ ದುಡಿಯುತ್ತಿತ್ತು. ಹಗಲು ಒಂದು ಫೋನಿನ ಕೆಲಸವಾದರೆ ಹೇಗೋ ನಡೆಯುತ್ತಿತ್ತು. ಸಂಜೆ ಟಿವಿ, ಲ್ಯಾಪ್‌ಟಾಪ್, ಮೂರು ಫೋನು ಒಟ್ಟಿಗೆ ಕೈಚಾಚಿದಾಗ ವೋಲ್ಟೇಜ್ ಕುಸಿದು ರೌಟರ್ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಇದನ್ನು ಎರಡು ನಿಮಿಷದಲ್ಲಿ ಕಂಡುಹಿಡಿಯುವ ದಾರಿ ಇತ್ತು. ಅದನ್ನು ಮುಂದೆ ಹೇಳುತ್ತೇನೆ, ಅದಕ್ಕೂ ಮೊದಲು ಇನ್ನೊಂದು ಮಾತು.

ನೀರು ಎಲ್ಲಿ ನಿಂತಿದೆ?

ನಮ್ಮ ಸೀಮೆ ಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗ. ಗದ್ದೆಗೆ ನೀರು ಬಾರದಿದ್ದರೆ ಇಲ್ಲಿನ ರೈತ ಬದುವಿನ ಮೇಲೆ ಕುಳಿತು ನೀರಿಲ್ಲ ಎಂದು ಕೊರಗುವುದಿಲ್ಲ. ನಾಲೆಯಲ್ಲಿ ನೀರಿದೆಯೇ, ತೂಬು ತೆರೆದಿದೆಯೇ, ಹೊಲಗಾಲುವೆಗೆ ಮೇಲಿನವರು ಒಡ್ಡು ಹಾಕಿದ್ದಾರೆಯೇ ಎಂದು ನಡೆದುಕೊಂಡು ಹೋಗಿ ನೋಡುತ್ತಾನೆ. ಮನೆಯ ಇಂಟರ್ನೆಟ್ಟಿಗೂ ಇಂಥದ್ದೇ ಮೂರು ತುಂಡುಗಳಿವೆ. ಬೀದಿ ಕಂಬದಿಂದ ಗೋಡೆಯ ಫೈಬರ್ ಪೆಟ್ಟಿಗೆಯವರೆಗೆ ಒಂದು, ಆ ಪೆಟ್ಟಿಗೆಯಿಂದ ರೌಟರ್‌ವರೆಗಿನ ಕೇಬಲ್ ಮತ್ತು ಸೆಟ್ಟಿಂಗ್ ಇನ್ನೊಂದು, ರೌಟರ್‌ನಿಂದ ನಿಮ್ಮ ಫೋನಿನವರೆಗಿನ ಗಾಳಿ ಮೂರನೆಯದು. ವೈಫೈ ಎಂದರೆ ಈ ಮೂರನೆಯ ತುಂಡು ಮಾತ್ರ. ಆದರೆ ಯಾವ ತುಂಡು ಕೆಟ್ಟರೂ ನಮ್ಮ ಬಾಯಲ್ಲಿ ಬರುವುದು 'ವೈಫೈ ಬರುತ್ತಿಲ್ಲ' ಎಂಬ ದೂರೇ. ಅರ್ಧ ದೋಷಗಳು ಸಿಗದಿರುವುದು ಈ ಒಂದು ಮಾತಿನಿಂದ.

ಆದ್ದರಿಂದ ಮೊದಲ ಪರೀಕ್ಷೆ ಹೀಗಿರಲಿ. ಫೋನು ಹಿಡಿದು ರೌಟರ್ ಎದುರೇ ನಿಲ್ಲಿ, ಮೊಬೈಲ್ ಡೇಟಾ ಆರಿಸಿ. ಬ್ರೌಸರ್‌ನಲ್ಲಿ ರೌಟರ್‌ನ ವಿಳಾಸ ಬರೆಯಿರಿ. ಬಹುತೇಕ 192.168.1.1 ಅಥವಾ 192.168.0.1, ರೌಟರ್‌ನ ಅಡಿಯ ಚೀಟಿಯಲ್ಲಿ ಅಚ್ಚಾಗಿರುತ್ತದೆ. ರೌಟರ್‌ನ ಪುಟ ತೆರೆದರೆ ಗಾಳಿಯ ತುಂಡು ಸರಿ ಇದೆ, ದೋಷ ಅದರ ಆಚೆಗಿದೆ. ತೆರೆಯದಿದ್ದರೆ ದೋಷ ಮನೆಯೊಳಗೇ ಇದೆ, ಕಂಪನಿಯ ಹುಡುಗನನ್ನು ಕರೆದರೆ ಅವನಿಗೂ ನಿಮಗೂ ಹೊತ್ತು ದಂಡ.

ಲ್ಯಾಪ್‌ಟಾಪ್ ಇದ್ದರೆ ರೌಟರ್‌ಗೆ ಕೇಬಲ್ ಹಾಕಿ ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ಕೇಳುವ ಪಿಂಗ್ ಆಜ್ಞೆಯನ್ನು ಮೂರು ಬಾರಿ ಕೊಡಿ. ಮೊದಲು ರೌಟರ್‌ನ ವಿಳಾಸಕ್ಕೆ, ಆಮೇಲೆ ಹೊರಗಿರುವ ಗೂಗಲ್ ವಿಳಾಸ 8.8.8.8ಕ್ಕೆ, ಕೊನೆಗೆ ಯಾವುದಾದರೂ ಜಾಲತಾಣದ ಹೆಸರಿಗೆ. ಮೊದಲನೆಯದೇ ಸೋತರೆ ಮನೆಯೊಳಗಿನ ತೊಂದರೆ. ಎರಡನೆಯದು ಸೋತರೆ ಹೊರಗಿನ ಸಂಪರ್ಕ ಇಲ್ಲ. ಮೊದಲ ಎರಡೂ ಗೆದ್ದು ಮೂರನೆಯದು ಸೋತರೆ ಹೆಸರನ್ನು ಸಂಖ್ಯೆಯಾಗಿಸುವ ಡಿಎನ್ಎಸ್ ಕೆಟ್ಟಿದೆ ಎಂದರ್ಥ. ರೌಟರ್‌ನಲ್ಲಿ ಡಿಎನ್ಎಸ್ ಜಾಗಕ್ಕೆ 8.8.8.8 ಮತ್ತು 1.1.1.1 ಬರೆದು ಉಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎರಡು ಗಡಿಯಾರಗಳು

ಸದಾ ಕೆಟ್ಟಿರುವ ದೋಷ ಒಳ್ಳೆಯ ದೋಷ, ಬಂದು ಹೋಗುವುದೇ ಕಷ್ಟ. ನೀವು ನೋಡಲು ಕೂತಾಗ ಅದು ಸಭ್ಯವಾಗಿರುತ್ತದೆ. ಇಂಥವಕ್ಕೆ ರೌಟರ್‌ನ ಒಳಗೆ ಎರಡು ಗಡಿಯಾರಗಳಿವೆ. ಸ್ಥಿತಿ ತೋರಿಸುವ ಪುಟದಲ್ಲಿ 'ಅಪ್‌ಟೈಮ್' ಎಂಬ ಸಾಲು ರೌಟರ್ ಆನ್ ಆಗಿ ಎಷ್ಟು ಹೊತ್ತಾಯಿತು ಎಂದು ಹೇಳುತ್ತದೆ. ವ್ಯಾನ್ (WAN, ಹೊರಗಿನ ಸಂಪರ್ಕ) ಅಥವಾ ಇಂಟರ್ನೆಟ್ ಎಂಬ ಭಾಗದಲ್ಲಿ ಬಹಳಷ್ಟು ರೌಟರ್‌ಗಳು ಹೊರಗಿನ ಸಂಪರ್ಕ ಎಷ್ಟು ಹೊತ್ತಿನಿಂದ ಇದೆ ಎಂಬುದನ್ನೂ ತೋರಿಸುತ್ತವೆ.

ಸಂಪರ್ಕ ಕಡಿದು ಮರಳಿದ ಕೂಡಲೇ ಈ ಎರಡನ್ನೂ ನೋಡಿ. ಅಪ್‌ಟೈಮ್ ನಾಲ್ಕು ನಿಮಿಷ ಎಂದಿದ್ದರೆ ರೌಟರ್ರೇ ಸತ್ತು ಹುಟ್ಟಿದೆ: ಅಡಾಪ್ಟರ್, ಸಡಿಲ ಪ್ಲಗ್ಗು ಅಥವಾ ಬಿಸಿ. ಅಪ್‌ಟೈಮ್ ಹನ್ನೆರಡು ದಿನ ಇದ್ದು ಸಂಪರ್ಕದ ಹೊತ್ತು ಮಾತ್ರ ನಾಲ್ಕು ನಿಮಿಷ ಇದ್ದರೆ ರೌಟರ್ ನಿರಪರಾಧಿ, ಫೈಬರ್ ಅಥವಾ ಕಂಪನಿಯ ಕಡೆ ನೋಡಬೇಕು. ಎರಡೂ ದಿನಗಟ್ಟಲೆ ಓಡುತ್ತಲೇ ಇದ್ದರೆ ಕಡಿದದ್ದು ಗಾಳಿಯಲ್ಲಿ. ನಾನು ಆ ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಈ ಪುಟ ತೆರೆದಿದ್ದರೆ ಹೊಸ ರೌಟರ್‌ನ ಹಣ ಉಳಿಯುತ್ತಿತ್ತು.

ಬಿಸಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಏಪ್ರಿಲ್‌ನಲ್ಲಿ ನಮ್ಮೂರು ಹೇಗಿರುತ್ತದೆ ಎಂದು ಗೊತ್ತಿದ್ದೂ ರೌಟರನ್ನು ಗಾಜಿನ ಬಾಗಿಲಿನ ಶೋಕೇಸಿನಲ್ಲಿ, ಸೆಟ್‌ಟಾಪ್ ಬಾಕ್ಸ್‌ನ ಬೆನ್ನ ಮೇಲೆ ಮಲಗಿಸುತ್ತೇವೆ. ಮೇಲೆ ಕ್ರೋಶ ಹಾಕಿದ ಹೊದಿಕೆ ಬೇರೆ. ಅದರ ಗಾಳಿಕಿಂಡಿಗಳು ಅಲಂಕಾರಕ್ಕೆ ಇರುವುದಲ್ಲ.

ಕೆಂಪು ದೀಪ ಮತ್ತು ಸೂಜಿಯ ರಂಧ್ರ

ಫೈಬರ್ ಪೆಟ್ಟಿಗೆಯಲ್ಲಿ ಎರಡು ದೀಪಗಳು ಮುಖ್ಯ. 'ಪಾನ್' (PON) ಹಸಿರಾಗಿ ಸ್ಥಿರವಾಗಿ ಉರಿಯಬೇಕು. 'ಲಾಸ್' (LOS) ಉರಿಯಲೇಬಾರದು. ಲಾಸ್ ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕು ನಿಮ್ಮ ಮನೆಗೆ ತಲುಪುತ್ತಿಲ್ಲ, ಅಷ್ಟೇ. ಆಗ ರೌಟರ್‌ನ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಮುಖ್ಯವಾಗಿ ಹಿಂಬದಿಯ ಸಣ್ಣ ರಂಧ್ರಕ್ಕೆ ಸೂಜಿ ಚುಚ್ಚಬೇಡಿ. ಅದನ್ನು ಹತ್ತು ಸೆಕೆಂಡು ಒತ್ತಿದರೆ ರೌಟರ್ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ, ತನ್ನ ಜಾಲಕ್ಕೆ ಲಾಗಿನ್ ಆಗಲು ಕಂಪನಿ ಕೊಟ್ಟ ಪಿಪಿಪಿಒಇ ಬಳಕೆದಾರ ಹೆಸರು, ಗುಪ್ತಪದ, ಆ ಜಾಲದಲ್ಲಿ ನಿಮ್ಮ ಸಂಪರ್ಕದ ಹಾದಿಯನ್ನು ಗುರುತಿಸುವ ವಿಲ್ಯಾನ್ ಸಂಖ್ಯೆ ಎಲ್ಲವೂ ಅಳಿಸಿಹೋಗುತ್ತವೆ. ಒಂದು ದೋಷವಿದ್ದ ಮನೆಯಲ್ಲಿ ಈಗ ಎರಡಾದವು, ಎರಡನೆಯದು ನಿಮ್ಮದೇ ಕೈಯ ಕೊಡುಗೆ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಆ ಬಳಕೆದಾರ ಹೆಸರನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಹೊರಗಿನ ತಂತಿಗೆ ಆಗುವ ಅನಾಹುತಗಳು ಊರಿಗೊಂದು ಬಗೆ. ಚಿತ್ರದುರ್ಗದಲ್ಲಿ ಕೋಟೆಯ ಕಡೆಯ ಮಂಗಗಳಿಗೆ ಮಹಡಿಯಿಂದ ಮಹಡಿಗೆ ಎಳೆದ ಕೇಬಲ್ ಎಂದರೆ ಜೋಕಾಲಿ. ತೋಟವಿರುವ ಕಡೆ ಅಳಿಲು ಹಲ್ಲು ಹಚ್ಚುತ್ತದೆ. ಗಣಪತಿ ಮೆರವಣಿಗೆಯ ಕಾಲದಲ್ಲಿ ಎತ್ತರದ ಮೂರ್ತಿಗೆ ದಾರಿ ಮಾಡಲು ಬಿದಿರುಗಳದಿಂದ ತಂತಿಗಳನ್ನು ಎತ್ತುವಾಗ ಯಾರದೋ ಫೈಬರ್ ಮುರಿಯುತ್ತದೆ. ಇವೆಲ್ಲ ನಮ್ಮ ಕೈಯಲ್ಲಿ ಇಲ್ಲ. ನಮ್ಮ ಕೈಯಲ್ಲಿರುವುದು ಮನೆಯೊಳಗಿನ ಎರಡು ಮೀಟರ್. ಬೀರು ಸರಿಸುವಾಗ ಅದರ ಹಿಂದೆ ಸಿಕ್ಕಿಕೊಂಡ ಫೈಬರ್, ಮೊಳೆಗೆ ಬಿಗಿಯಾಗಿ ಸುತ್ತಿದ ಫೈಬರ್, ಕಿಟಕಿ ಬಾಗಿಲಿಗೆ ಸಿಲುಕಿದ ಫೈಬರ್. ತಾಮ್ರದ ತಂತಿಯನ್ನು ಮಡಚಿದರೂ ಕರೆಂಟು ಹರಿಯುತ್ತದೆ. ಗಾಜಿನ ಎಳೆಯನ್ನು ತೀರಾ ಮಡಚಿದರೆ ಬೆಳಕು ತಿರುವಿನಲ್ಲಿ ಸೋರಿಹೋಗುತ್ತದೆ, ಎಳೆ ಮುರಿಯದಿದ್ದರೂ ಸಂಪರ್ಕ ಕುಂಟುತ್ತದೆ. ಬಳೆಯಷ್ಟು ದೊಡ್ಡ ಸುತ್ತಾದರೆ ಚಿಂತೆಯಿಲ್ಲ, ಉಂಗುರದಷ್ಟು ಚಿಕ್ಕದಾಗಬಾರದು.

ಫೈಬರ್ ಪೆಟ್ಟಿಗೆಯ ಪುಟದಲ್ಲಿ ಬೆಳಕಿನ ಬಲವನ್ನೂ ನೋಡಬಹುದು, ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್ ಸಂಖ್ಯೆಯಾಗಿ. -18, -20, -22 ಇದ್ದರೆ ನಿಶ್ಚಿಂತೆ. -27ರ ಹತ್ತಿರ ಬಂದರೆ ಪೆಟ್ಟಿಗೆಯ ಕಣ್ಣಿಗೆ ಮಬ್ಬು ಕವಿದಂತೆ, ಆಗೀಗ ಕಡಿಯುತ್ತದೆ. ಪ್ರತಿ 3 ಡಿಬಿ ಇಳಿದಾಗ ಬೆಳಕು ಅರ್ಧವಾಗುತ್ತದೆ, ಎಂದರೆ -20ರಿಂದ -26ಕ್ಕೆ ಇಳಿದರೆ ಉಳಿದದ್ದು ಕಾಲುಭಾಗ. ದೂರು ಕೊಡುವಾಗ ಇಂಟರ್ನೆಟ್ ನಿಧಾನ ಎನ್ನುವ ಬದಲು ಪವರ್ -27 ತೋರಿಸುತ್ತಿದೆ ಎಂದು ಹೇಳಿ ನೋಡಿ. ಆಫ್ ಮಾಡಿ ಆನ್ ಮಾಡಿ ಎಂಬ ಮಂತ್ರ ಅಲ್ಲಿಗೇ ನಿಲ್ಲುತ್ತದೆ. ಒಂದು ಎಚ್ಚರಿಕೆ: ಬೆಳಕು ಬರುತ್ತಿದೆಯೇ ಎಂದು ಕಿತ್ತ ಫೈಬರ್‌ನ ತುದಿಯನ್ನು ಕಣ್ಣಿಗೆ ಹಿಡಿಯಬೇಡಿ. ಅದು ಕಣ್ಣಿಗೆ ಕಾಣದ ಅವಕೆಂಪು ಲೇಸರ್. ಹಸಿರು ತಲೆಯ ಕನೆಕ್ಟರನ್ನು ನೀಲಿ ಜಾಗಕ್ಕೆ ತುರುಕುವುದೂ ಬೇಡ, ಹಸಿರಿನದು ಓರೆಯಾಗಿ ಉಜ್ಜಿದ ತುದಿ, ನೀಲಿಯದಕ್ಕೆ ಆ ಓರೆಯಿಲ್ಲ.

ಒಂದೇ ಮನೆಗೆ ಇಬ್ಬರು ಯಜಮಾನರು

ಹೊಸ ರೌಟರ್ ಜೋಡಿಸುವವರು ಹೆಚ್ಚು ಎಡವುವುದು ಇಲ್ಲಿ. ಈಗಿನ ಫೈಬರ್ ಪೆಟ್ಟಿಗೆಗಳಲ್ಲಿ ರೌಟರ್ ಕೂಡ ಒಳಗೇ ಇರುತ್ತದೆ. ಅದರ ವೈಫೈ ಒಳಕೋಣೆಗೆ ಸಾಲುವುದಿಲ್ಲವೆಂದು ನಾವು ಇನ್ನೊಂದು ರೌಟರ್ ತರುತ್ತೇವೆ. ಈಗ ಮನೆಯಲ್ಲಿ ಎರಡು ರೌಟರ್, ಎರಡಕ್ಕೂ ತಾನೇ 192.168.1.1 ಎಂಬ ಹಮ್ಮು, ಎರಡೂ ಫೋನುಗಳಿಗೆ ವಿಳಾಸ ಹಂಚಲು ಮುಂದು. ವಿಳಾಸ ಹಂಚುವ ಈ ಕೆಲಸಕ್ಕೆ ಡಿಎಚ್‌ಸಿಪಿ ಎಂದು ಹೆಸರು.

ಕೇಬಲ್ಲನ್ನು ಹೊಸ ರೌಟರ್‌ನ ಮನೆಯೊಳಗಿನ ಸಾಧನಗಳಿಗೆಂದಿರುವ ಲ್ಯಾನ್ ಕಿಂಡಿಗೆ ಸಿಕ್ಕಿಸಿ ಡಿಎಚ್‌ಸಿಪಿ ಆರಿಸದೆ ಬಿಟ್ಟರೆ ವಿಚಿತ್ರ ಆಟ ನಡೆಯುತ್ತದೆ. ಮೊದಲ ರೌಟರ್‌ನಿಂದ ವಿಳಾಸ ಪಡೆದ ಫೋನಿಗೆ ಇಂಟರ್ನೆಟ್ ಸಿಗುತ್ತದೆ, ಎರಡನೆಯದರಿಂದ ಪಡೆದದ್ದಕ್ಕೆ ಸಿಗುವುದಿಲ್ಲ. ಬೆಳಗ್ಗೆ ಗಂಡನ ಫೋನು ಸರಿ, ಹೆಂಡತಿಯದು ಇಲ್ಲ, ಮಧ್ಯಾಹ್ನ ತಿರುವುಮುರುವು. ಫೋನು ಕೆಟ್ಟಿದೆ ಎಂದು ರಿಪೇರಿ ಅಂಗಡಿಗೆ ಒಯ್ದವರನ್ನು ಬಲ್ಲೆ. ಕೇಬಲ್ಲನ್ನು ವ್ಯಾನ್ ಕಿಂಡಿಗೇ ಹಾಕಿದರೂ ಎರಡೂ ಕಡೆ 192.168.1 ಎಂಬ ಒಂದೇ ಸಾಲಿನ ವಿಳಾಸಗಳಿದ್ದರೆ ಹೊಸ ರೌಟರ್‌ಗೆ ಮನೆಯ ಒಳಗು ಯಾವುದು, ಹೊರಗು ಯಾವುದು ಎಂಬುದೇ ತಿಳಿಯದು. ಒಂದೇ ಊರಲ್ಲಿ ಒಂದೇ ಹೆಸರಿನ ಎರಡು ಬೀದಿ ಇದ್ದರೆ ಅಂಚೆಯವನು ಏನು ಮಾಡಿಯಾನು? ಇನ್ನು ಲ್ಯಾಪ್‌ಟಾಪ್‌ನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ ಯಾರೂ ಅದಕ್ಕೆ ವಿಳಾಸ ಕೊಟ್ಟಿಲ್ಲ, ಅದು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ.

ಇದಕ್ಕೆ ಎರಡು ದಾರಿಗಳಿವೆ. ಫೈಬರ್ ಪೆಟ್ಟಿಗೆಯನ್ನು 'ಬ್ರಿಡ್ಜ್', ಎಂದರೆ ಸಂಪರ್ಕವನ್ನು ಹಾಗೇ ದಾಟಿಸುವ ಸೇತುವೆ, ಮಾಡಿಸಿ ಯಜಮಾನಿಕೆಯನ್ನು ಪೂರ್ತಿ ಹೊಸ ರೌಟರ್‌ಗೆ ಕೊಡುವುದು ಒಂದು. ಇದಕ್ಕೆ ಕಂಪನಿಯ ಒಪ್ಪಿಗೆ, ಪಿಪಿಪಿಒಇ ಗುಪ್ತಪದ ಬೇಕು. ಕೆಲವು ಕಂಪನಿಗಳು ಹಳೆಯ ರೌಟರ್‌ನ ಮ್ಯಾಕ್ ವಿಳಾಸವನ್ನು (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಕಟ್ಟಿಹಾಕಿರುತ್ತವೆ, ಹೊಸದನ್ನು ಗುರುತೇ ಹಿಡಿಯುವುದಿಲ್ಲ, ಅದನ್ನೂ ಬಿಡಿಸಬೇಕು ಅಥವಾ ಹಳೆಯ ಮ್ಯಾಕ್ ವಿಳಾಸವನ್ನು ಹೊಸದಕ್ಕೆ ನಕಲು ಮಾಡಬೇಕು. ನಾನು ಸಾಮಾನ್ಯ ಮನೆಗಳಿಗೆ ಹೇಳುವುದು ಎರಡನೆಯ ದಾರಿಯನ್ನೇ: ಹೊಸ ರೌಟರನ್ನು ವೈಫೈ ಹರಡುವುದಷ್ಟೇ ಕೆಲಸವಾದ 'ಆಕ್ಸೆಸ್ ಪಾಯಿಂಟ್' ಆಗಿಸಿ, ಯಜಮಾನಿಕೆ ಫೈಬರ್ ಪೆಟ್ಟಿಗೆಯಲ್ಲೇ ಉಳಿಯಲಿ. ಅದಕ್ಕೆಂದೇ ಗುಂಡಿ ಇಲ್ಲದ ರೌಟರ್ ಆದರೂ ಅಡ್ಡಿಯಿಲ್ಲ. ಲ್ಯಾಪ್‌ಟಾಪನ್ನು ಅದಕ್ಕೆ ಮಾತ್ರ ಜೋಡಿಸಿ ಅದರ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ ಆರಿಸಿ, ಆಮೇಲೆ ಫೈಬರ್ ಪೆಟ್ಟಿಗೆಯಿಂದ ಬಂದ ಕೇಬಲ್ಲನ್ನು ಅದರ ಲ್ಯಾನ್ ಕಿಂಡಿಗೆ ಹಾಕಿ. ವ್ಯಾನ್ ಕಿಂಡಿ ಖಾಲಿ ಉಳಿಯುತ್ತದೆ, ಉಳಿಯಲಿ. ಮುಂದೆ ಏನಾದರೂ ಕೆಟ್ಟಾಗ ಕಂಪನಿಯವರು ನಿಮ್ಮ ರೌಟರಿನದೇ ದೋಷ ಎಂದು ಕೈತೊಳೆದುಕೊಳ್ಳಲು ಇದರಲ್ಲಿ ಅವಕಾಶ ಕಡಿಮೆ.

ದೊಡ್ಡಪೇಟೆಯ ಗೋಡೆ

ತಮ್ಮ ಇರುವುದು ಚಿತ್ರದುರ್ಗದ ದೊಡ್ಡಪೇಟೆಯ ಹಳೆಯ ಮನೆಯಲ್ಲಿ. ಕಲ್ಲು ಮಣ್ಣಿನ ಎರಡಡಿ ದಪ್ಪದ ಗೋಡೆ, ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಮಡಕೆಯೊಳಗೆ ಇಳಿದಂತೆ ತಂಪು. ಬಿಸಿಲನ್ನು ತಡೆಯುವ ಆ ಗೋಡೆ ವೈಫೈಯನ್ನೂ ತಡೆಯುತ್ತದೆ. ಮನೆಯ ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳಲ್ಲಿ ಹರಡುತ್ತದೆ. ಪಡಸಾಲೆಯಲ್ಲಿ 5 ಗಿಗಾಹರ್ಟ್ಸ್ ಜಾಲ ಕುದುರೆಯಂತೆ ಓಡುತ್ತಿತ್ತು, ನಡುಮನೆಗೆ ಹೋದರೆ ಹೆಸರೂ ಕಾಣುತ್ತಿರಲಿಲ್ಲ. 2.4 ಗಿಗಾಹರ್ಟ್ಸ್‌ನ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ, 5ರದ್ದು ಅದರ ಅರ್ಧಕ್ಕಿಂತ ಕಡಿಮೆ. ವೇಗ ಹೆಚ್ಚು ಕೊಡುವ ಈ ಗಿಡ್ಡ ಅಲೆ ಗೋಡೆಯಲ್ಲಿ ಬೇಗ ಸೋಲುತ್ತದೆ.

ಅಳೆದು ನೋಡಬೇಕು, ಊಹಿಸಬಾರದು. ವೈಫೈ ಬಲ ತೋರಿಸುವ ಉಚಿತ ಆ್ಯಪ್ ಹಾಕಿಕೊಂಡು ಮನೆಯಿಡೀ ನಡೆಯಿರಿ. -50 ಡಿಬಿಎಂ ಆದರೆ ಹಬ್ಬ, -67ರವರೆಗೆ ವಿಡಿಯೊ ಕರೆ ಸಲೀಸು, -80 ದಾಟಿದರೆ ಹೆಸರಿಗಷ್ಟೇ ವೈಫೈ. ತಮ್ಮನ ನಡುಮನೆಯಲ್ಲಿ -84 ಬಂತು. ಅವನು ಮೊದಲೇ ಸಂಕೇತ ಹಿಡಿದು ಮುಂದೆ ದಾಟಿಸುವ ಒಂದು ರಿಪೀಟರ್ ತಂದು ಅದೇ ನಡುಮನೆಯಲ್ಲಿ ಸಿಕ್ಕಿಸಿದ್ದ. ತನಗೇ ಕೇಳಿಸದ ಮಾತನ್ನು ಅದು ಯಾರಿಗೆ ದಾಟಿಸೀತು? ರಿಪೀಟರ್ ಇರಬೇಕಾದದ್ದು ಸಂಕೇತ ಇನ್ನೂ ಗಟ್ಟಿಯಾಗಿರುವ ನಡುದಾರಿಯಲ್ಲಿ, ಅಲ್ಲಿಟ್ಟರೂ ಒಂದೇ ಅಲೆಯಲ್ಲಿ ಕೇಳಿ ಒಂದೇ ಅಲೆಯಲ್ಲಿ ಹೇಳುವ ಅಗ್ಗದ ರಿಪೀಟರ್ ವೇಗವನ್ನು ಅರ್ಧ ಮಾಡುತ್ತದೆ. ನಾವು ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಕೇಬಲ್ ಎಳೆದು ನನ್ನ ಹಳೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಮಾಡಿ ನಡುಮನೆಯಲ್ಲಿಟ್ಟೆವು. ಅಂಥ ಗೋಡೆಯ ಮನೆಗೆ ಕೇಬಲ್ ಬಿಟ್ಟರೆ ಬೇರೆ ಮದ್ದಿಲ್ಲ. ನೂರು ಮೀಟರ್‌ವರೆಗೆ ಅದು ಹೆದರುವುದೂ ಇಲ್ಲ.

ದಾವಣಗೆರೆಯ ಸಿಮೆಂಟ್ ಮನೆಗಳಲ್ಲಿ ಗೋಡೆಗಿಂತ ಸಾಮಾನುಗಳೇ ಶತ್ರು. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಮೈಕ್ರೋವೇವ್ ಒಲೆ. ಒಲೆ 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ ಹಾಲು ಬಿಸಿಯಾಗುವಷ್ಟು ಹೊತ್ತು ವೈಫೈ ತಣ್ಣಗಾಗಬಹುದು. ಮಹಡಿಯಲ್ಲಿ ಸಿಗ್ನಲ್ ಇಲ್ಲ ಎನ್ನುವವರು ಆಂಟೆನಾವನ್ನು ನೋಡಿ. ನೆಟ್ಟಗೆ ನಿಂತ ಆಂಟೆನಾ ಅಲೆಗಳನ್ನು ಉದ್ದಿನ ವಡೆಯ ಆಕಾರದಲ್ಲಿ ಹರಡುತ್ತದೆ, ತಾನು ವಡೆಯ ತೂತಿನಲ್ಲಿ ಕಡ್ಡಿಯಂತೆ ನಿಂತಿರುತ್ತದೆ. ಸುತ್ತಲೂ ಹೇರಳ, ನೆತ್ತಿಯ ಮೇಲೆ ಸೊನ್ನೆ. ಒಂದು ಆಂಟೆನಾವನ್ನು ಅಡ್ಡ ಮಲಗಿಸಿದರೆ ಮೇಲಿನ ಕೋಣೆಗೂ ವಡೆಯ ಪಾಲು ಸಿಗುತ್ತದೆ.

ಉಳಿದ ಸಣ್ಣಪುಟ್ಟವು

ದಾವಣಗೆರೆಯ ಪಿ.ಜೆ. ಬಡಾವಣೆಯಂಥ ಒತ್ತೊತ್ತಾದ ಕಡೆ ಪಟ್ಟಿ ತೆರೆದರೆ ಇಪ್ಪತ್ತು ಮನೆಗಳ ವೈಫೈ ಹೆಸರು ಕಾಣುತ್ತದೆ. 2.4ರ ಅಲೆಯನ್ನು ಚಾನೆಲ್ ಎಂಬ ಓಣಿಗಳಾಗಿ ಹಂಚಿದೆ, ಒಂದರ ಮೇಲೊಂದು ಬೀಳದವು 1, 6, 11 ಮಾತ್ರ. ಖಾಲಿ ಕಂಡ 3ನ್ನೋ 8ನ್ನೋ ಆರಿಸಿದರೆ ಎರಡೂ ಕಡೆಯ ಗದ್ದಲ ತಲೆಗೆ ಬರುತ್ತದೆ. ಚಾನೆಲ್‌ನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. 5ರಲ್ಲಿ ಜಾಗ ಧಾರಾಳ, 36ರಿಂದ 48ರವರೆಗಿನದನ್ನು ಹಾಕಿ ಮರೆತುಬಿಡಿ. 52ರಿಂದ ಮೇಲಿನ ಕೆಲವು ಚಾನೆಲ್‌ಗಳಲ್ಲಿ ರಾಡಾರ್ ಇದೆಯೇ ಎಂದು ರೌಟರ್ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಬೇಕಾದ ನಿಯಮವಿದೆ. ರೌಟರ್ ಆನ್ ಆದರೂ 5ರ ಹೆಸರು ತಡವಾಗಿ ಕಾಣುವುದು ಅದಕ್ಕೇ.

ಸ್ಮಾರ್ಟ್ ಬಲ್ಬು, ಕ್ಯಾಮೆರಾಗಳು ಸೇರದಿದ್ದರೆ ಅವುಗಳಲ್ಲಿ ಬಹಳಷ್ಟಕ್ಕೆ 5 ಗೊತ್ತೇ ಇಲ್ಲ, 2.4ಕ್ಕೆ ಬೇರೆ ಹೆಸರು ಕೊಟ್ಟು ಸೇರಿಸಿ. ಹಳೆಯ ಪ್ರಿಂಟರ್ ಅಥವಾ ಟಿವಿ ಸರಿಯಾದ ಗುಪ್ತಪದ ಕೊಟ್ಟರೂ ತಪ್ಪು ಎನ್ನುತ್ತಿದ್ದರೆ ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ3 ಇದೆಯೇ ನೋಡಿ. ಅದು 2018ರಲ್ಲಿ ಬಂದದ್ದು, ಅದಕ್ಕಿಂತ ಹಿರಿಯ ಸಾಧನಗಳಿಗೆ ಡಬ್ಲ್ಯುಪಿಎ2 ಬೇಕು.

200 ಮೆಗಾಬಿಟ್‌ಗೆ ಹಣ ಕಟ್ಟಿಯೂ ವೇಗ ಸರಿಯಾಗಿ 94ರ ಆಸುಪಾಸಿನಲ್ಲಿ ನಿಂತರೆ ಅದು ಯಾರೋ ಕದ್ದದ್ದಲ್ಲ. ರೌಟರ್‌ನ ಕಿಂಡಿ 100 ಮೆಗಾಬಿಟ್ಟಿನದು, ಇಲ್ಲವೇ ಕೇಬಲ್‌ನ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ಕಡಿದಿದೆ. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು, ಹಾಗಾಗಿ ಸದ್ದಿಲ್ಲದೆ ಇಳಿದುಬಿಡುತ್ತದೆ. ಬೇರೆ ಕೇಬಲ್ ಹಾಕಿ ನೋಡುವುದು ಐದು ನಿಮಿಷದ ಕೆಲಸ.

ಅಡಾಪ್ಟರ್‌ಗಳಿಗೆ ಈಗ ನಮ್ಮ ಎರಡೂ ಮನೆಗಳಲ್ಲಿ ಬಿಳಿ ಟೇಪು ಅಂಟಿಸಿ ಹೆಸರು ಬರೆದಿದ್ದೇವೆ. ಹೋದ ತಿಂಗಳು ದುರ್ಗಕ್ಕೆ ಹೋದಾಗ ನಡುಮನೆಯ ಹಳೆಯ ರೌಟರ್‌ನ ಪುಟ ತೆರೆದೆ. ಅಪ್‌ಟೈಮ್ 41 ದಿನ. ತಮ್ಮನನ್ನು ಕರೆದು ತೋರಿಸುವಷ್ಟರಲ್ಲಿ ಕರೆಂಟು ಹೋಯಿತು. ಮಿನಿ ಯುಪಿಎಸ್ ಇದ್ದುದರಿಂದ ರೌಟರ್ ಮಿಟುಕದೆ ಉರಿಯುತ್ತಿತ್ತು, ಗಡಿಯಾರ ಓಡುತ್ತಿತ್ತು, ಫೋನಿನಲ್ಲಿ ವೈಫೈ ಗುರುತು ಪೂರ್ತಿ ತುಂಬಿತ್ತು, ಒಂದು ಪುಟವೂ ತೆರೆಯಲಿಲ್ಲ. ಪಡಸಾಲೆಗೆ ಹೋಗಿ ನೋಡಿದರೆ ಫೈಬರ್ ಪೆಟ್ಟಿಗೆ ಕತ್ತಲಲ್ಲಿ ಕೂತಿತ್ತು. ಅದಕ್ಕೊಂದು ಯುಪಿಎಸ್ ತರಬೇಕೆಂದು ತಮ್ಮನಿಗೆ ಹೊಳೆದಿರಲಿಲ್ಲ.